ಎಳ್ಳ ಅಮಾಸಿ ದಿನ ಸಂಗಮಕ್ಕ ಸೈಕಲ್ ಮ್ಯಾಲ

ನಮ್ಮ ಮನಿಯವರ ಸೈಕಲ್ ಬಿಡಸಬೇಕಂತ ನಾ ಒಂದು ವರ್ಷ ಪೂರಾ ಜಗಳಾಡೇನಿ. ಸಣ್ಣ ಜಗಳ ಅಲ್ಲ, ಬಾಜೂ ಮನಿಯವರು ಟೀವಿ ಸಪ್ಪಳ ಕಮ್ಮಿ ಮಾಡಿ ಕೇಳುವಂಥಾ ಜಗಳ. ನನ್ನ ಬಾಯಿ ಮೊದಲಿಂದನೂ ಜೋರು. ಮದಿವಿಗಿ ಮೊದಲೇ ನಮ್ಮವ್ವ ಇವರ ಮನಿಯವರಿಗಿ ಹೇಳಿಬಿಟ್ಟಿದ್ಲಂತ: "ಹುಡುಗಿ ಕೆಲಸಕ್ಕ ಬಂಗಾರ ಅದಾಳ್ರಿ, ಬಾಯಿ ಒಂದು ನೀವು ಸಂಭಾಳಿಸಿಕೋಬೇಕು." ಇವರು ಮೂವತ್ತೈದು ವರ್ಷ ಸಂಭಾಳಿಸ್ಯಾರ. ನಾ ಹತ್ತು ಮಾತಾಡಿದ್ರ ಇವರು ಒಂದು ಮಾತಾಡ್ತಾರ, ಆ ಒಂದರಾಗೇ ನನ್ನ ಹತ್ತೂ ಬಿದ್ದುಹೋಗ್ತಾವ. ಅದಕ್ಕೇ ನನಗ ಸಿಟ್ಟು ಹೆಚ್ಚು.

ಇವರು ದನದ ದವಾಖಾನಿಯಾಗ ಕಂಪೌಂಡರ್ ಇದ್ರು. ಆಳಂದ, ಅಫಜಲಪುರ, ಜೇವರ್ಗಿ, ಮೂರೂ ತಾಲೂಕಿನ್ಯಾಗ ದುಡದಾರ. ಡಾಕ್ಟರು ಜೀಪಿನ್ಯಾಗ ಬರೋದು ಯಾವಾಗರ ಒಮ್ಮೆ. ಇವರು ಮಾತ್ರ ನಡುವ ದಂಡಿ ಇದ್ದ ಕರೀ ಸೈಕಲ್ಲಿನ ಕ್ಯಾರಿಯರಿಗಿ ಔಷಧದ ಚೀಲ ಕಟಗೊಂಡು ದಿನಾ ಹಳ್ಳಿಗಿ ಹೋಗೋರು. ಹಿಂಗಾಗಿ ರೈತರ ಬಾಯಾಗ ಇವರೇ ಡಾಕ್ಟರ್ ಸಾಹೇಬ್ರು. ಪೆನ್ಷನ್ ಆಗಿ ಆಳಂದದಾಗ ಬಂದು ಕುಂತ ಮ್ಯಾಲೂ ಆ ಸೈಕಲ್ ಬಿಡಲಿಲ್ಲ. ಸಂತಿಗಿ ಸೈಕಲ್, ಕಟಿಂಗಿಗಿ ಸೈಕಲ್, ಸತ್ತವರ ಮನಿಗಿ ಮಾತಾಡ್ಸಾಕ ಹೋದ್ರೂ ಸೈಕಲ್.

ಆಮ್ಯಾಲ ಕಣ್ಣಿಗಿ ಕಾಚಬಿಂದು ಬಂತು, ಡಾಕ್ಟರು ಗ್ಲಾಕೋಮಾ ಅಂತಾರಲ್ಲ, ಅದು. ಪೊರಿ ಆಗಿದ್ರ ತೆಗಿಬಹುದಿತ್ತು, ಇದರಾಗ ಹೋದ ದೃಷ್ಟಿ ತಿರುಗಿ ಬರಂಗಿಲ್ಲ ಅಂತ ಕಲಬುರಗಿ ಡಾಕ್ಟರು ಹೇಳಿದ್ರು. ಹನಿ ಹಾಕ್ಕೋಬೇಕು, ಇದ್ದಷ್ಟನ್ನ ಉಳಿಸಿಕೋಬೇಕು, ಅಷ್ಟೇ. ಮುಂದಿಂದು ಕಾಣ್ತದ, ಬಾಜೂದು ಕಾಣಂಗಿಲ್ಲ. "ಹೆಂಗ ಕಾಣ್ತದ್ರಿ?" ಅಂತ ಒಮ್ಮೆ ಕೇಳಿದ್ನಿ. "ಪೈಪಿನೊಳಗ ಕಣ್ಣಿಟ್ಟು ನೋಡಿದಂಗ," ಅಂದ್ರು. ಹೊತ್ತು ಮುಳುಗಿದ್ರ ಅದೂ ಇಲ್ಲ.

ಒಂದಿನ ಬಸ್‌ಸ್ಟ್ಯಾಂಡ್ ಮುಂದ ಕಬ್ಬಿನ ಟ್ರ್ಯಾಕ್ಟರ್ ಬಾಜೂದಿಂದ ಬಂದದ್ದು ಇವರಿಗಿ ಕಾಣಲೇ ಇಲ್ಲ. ಚಹಾದ ಅಂಗಡಿಯವ ಓಡಿಬಂದು ಅಂಗಿ ಹಿಡದು ಜಗ್ಗಿದ. ಅಂಗಿ ಹರೀತು, ಜೀವ ಉಳೀತು. ಮನಿಗಿ ಬಂದವರು "ಮೊಳಿಗಿ ಸಿಕ್ಕಿತ್ತು" ಅಂತ ಅಂಗಿ ತೋರಿಸಿದ್ರು. ಖರೇ ಸುದ್ದಿ ಅರ್ಧ ತಾಸಿನ್ಯಾಗ ಚಹಾದವನ ಹೇಣ್ತಿ ತಂದ್ಲು. ಆವತ್ತು ನಾ ಬೈದದ್ದು ಬೈದದ್ದೇ. ಆಮ್ಯಾಲ ಬಚ್ಚಲದಾಗ ನೀರು ಬಿಟ್ಟುಕೊಂಡು ಅತ್ತೇನಿ, ಅದು ಬ್ಯಾರೆ ಮಾತು.

"ಸೈಕಲ್ ಮಾರ್ರಿ, ಇಲ್ಲಾ ಯಾರಿಗರ ಕೊಡ್ರಿ," ಅಂತ ದಿನಾ ಬೆನ್ನು ಹತ್ತಿದ್ನಿ. "ಕೆಟ್ಟದ್ದು ನನ್ನ ಕಣ್ಣು. ಸೈಕಲ್ ಏನು ತಪ್ಪು ಮಾಡೇದ?" ಅಂತ ಇವರು. ಒಂದಿನ ನನಗ ತಲಿ ಕೆಟ್ಟು, "ಹಂಗಾದ್ರ ಗಾಡಿ ಇಲ್ಲದ ರಸ್ತೆ ಎಲ್ಲರ ಇದ್ರ ತೋರಸ್ರಿ, ಅಲ್ಲಿ ಹೊಡೀರಿ," ಅಂದುಬಿಟ್ನಿ. ಅದೇ ತಪ್ಪಾತು. ಇವರ ಮಾರಿ ಅರಳಿತು. "ಅದ," ಅಂದ್ರು.

ನಮ್ಮ ಅಮರ್ಜಾ ಹೊಳಿ ಆಳಂದ ಕಡಿಂದ ಇಳಕೋತ ಹೋಗಿ ಗಾಣಗಾಪುರದ ಹತ್ರ ಭೀಮಾದಾಗ ಕೂಡ್ತದ. ಅರ್ಧ ದಾರಿಯಾಗ ಹೊಳಿ ದಂಡಿಗಿ ನಮ್ಮಕ್ಕನ ಊರು. ಅಲ್ಲಿಂದ ಸಂಗಮದ ಹತ್ರದ ಮಟ ಬಂಡಿದಾರಿ ಅದ, ಟಾರು ಇಲ್ಲ, ಬಸ್ ಇಲ್ಲ. ಆ ದಾರಿ ಇವರ ಅಂಗೈ ಇದ್ದಂಗ. "ಆ ದಾರಿ ಹಿಡದು, ಹೊತ್ತು ಮುಳುಗೂದರೊಳಗ, ಯಾರ ಕೈನೂ ಹಿಡೀದಂಗ ಸಂಗಮ ಮುಟ್ಟಿದ್ನಿ ಅಂದ್ರ ನೀ ಮತ್ತ ಸೈಕಲ್ ಮಾತು ಎತ್ತಬ್ಯಾಡ. ಮುಟ್ಟಲಿಲ್ಲ ಅಂದ್ರ ನಾನೇ ಬಿಟ್ಟುಬಿಡ್ತೇನಿ," ಅಂದ್ರು. ನಾನೂ ಸೈಕಲ್ ಹೊಡೀತೇನಿ, ನಲವತ್ತು ದಾಟಿದ ಮ್ಯಾಲ ಕಲತಾಕಿ. ಮುಂದ ನಾ ಹೋಗೋದು, ಹಿಂದ ಇವರು ಬರೋದು. ಶರತ್ತು ಒಪ್ಪಿದ್ನಿ. ಮನಸಿನ್ಯಾಗ ಮಾತ್ರ, ಇವರು ಸೋಲಲಿ ತಂದೀ, ಅಂತ ಬಸವಣ್ಣಗ ಕಾಯಿ ಬೇಡಿಕೊಂಡಿದ್ನಿ.

ದಿನ ಆರಿಸಿದವರೂ ಇವರೇ. ಎಳ್ಳ ಅಮಾಸಿ. "ಅವತ್ತು ಯಾರೂ ಟ್ರ್ಯಾಕ್ಟರ್ ಹೊಡ್ಯಂಗಿಲ್ಲ, ಕಬ್ಬಿನ ಗಾಡಿ ಇರಂಗಿಲ್ಲ, ಮಂದಿಯೆಲ್ಲಾ ಹೊಲದಾಗ ಇರ್ತಾರ. ರಸ್ತೆ ಖಾಲಿ," ಅಂದ್ರು. ಹೌದಲ್ಲಾ ಅಂದ್ನಿ ನಾನೂ. ಹುಟ್ಟಿದಾಗಿಂದ ಈ ನಾಡಿನ್ಯಾಗೇ ಇದ್ದೇವಿ, ವರ್ಷಾ ಎಳ್ಳ ಅಮಾಸಿ ಮಾಡೇವಿ, ಆದ್ರೂ ಇಬ್ಬರಿಗೂ ಹೊಳೀಲಿಲ್ಲ ನೋಡ್ರಿ. ಬುದ್ಧಿ ಮಣ್ಣು ತಿನ್ನಾಕ ಹೋಗಿತ್ತು.

ಹಿಂದಿನ ದಿನ ಎರಡೂ ಸೈಕಲ್ ಟಂಟಂ ಆಟೋದಾಗ ಹಾಕ್ಕೊಂಡು ಅಕ್ಕನ ಮನಿ ಮುಟ್ಟಿದ್ವಿ. ಮುಂಜಾನೆ ಒಂಬತ್ತಕ್ಕ ಹೊಂಟ್ವಿ. ಮೂರು ತಾಸಿನ ದಾರಿ, ಹನ್ನೆರಡಕ್ಕ ಸಂಗಮದಾಗ ಸ್ನಾನ, ಒಂದಕ್ಕ ಗಾಣಗಾಪುರದಾಗ ಊಟ ಅಂತ ಇವರ ಲೆಕ್ಕ. ಇವರಿಗಿ ನಾ ಕಾಣ್ಲಿ ಅಂತ ನನ್ನ ಕ್ಯಾರಿಯರಿಗಿ ಹಳದಿ ಟಾವೆಲ್ ಕಟ್ಟಿದ್ನಿ. ಅದರ ಮ್ಯಾಲ ಎಡಬಿಡದಂಗ ಮಾತು: "ಇಲ್ಲಿ ಕಲ್ಲದ, ಬಲಕ್ಕ ಬರ್ರಿ, ಇಲ್ಲಿ ಕೊರಕಲು, ನೆಟ್ಟಗ ಬರ್ರಿ." ಮೂವತ್ತೈದು ವರ್ಷದಾಗ ನನ್ನ ಬಾಯಿ ಉಪಯೋಗಕ್ಕ ಬಂದದ್ದು ಅವತ್ತೇ.

ಏನು ಚಂದ ದಾರಿ ಅಂತೀರಿ! ನಮ್ಮ ಕಡೆ ಗುಡ್ಡ ಅಂದ್ರ ದೊಡ್ಡ ಗುಡ್ಡ ಏನಲ್ಲ, ಕೆಂಪು ಕಲ್ಲಿನ ದಿನ್ನಿ. ಆ ಕಡೆ ಒಂದು ಸಾಲು, ಈ ಕಡೆ ಒಂದು ಸಾಲು, ನಡುವ ಎರಿಮಣ್ಣಿನ ಹೊಲ, ಹೊಲದ ನಡುವ ಹೊಳಿ. ಬಿಳಿಜೋಳ ಎದಿ ಮಟ ಬಂದಿತ್ತು. ಕಡ್ಲಿ ಗಿಡದ ಮ್ಯಾಲ ಇಬ್ಬನಿ ಇನ್ನೂ ಆರಿದ್ದಿಲ್ಲ. ಹಿಂದಿಂದ ಇವರು ಒಂದೊಂದೇ ಹೇಳಕೋತ ಬರೋರು: "ಈಗ ಎಡಕ್ಕ ಒಂದು ಬನ್ನಿಗಿಡ ಬರ್ತದ ನೋಡು, ಅದರ ಕೆಳಗ ಒಂದು ಎಮ್ಮಿ ಎರಡು ದಿನ ಈಯಲಾರದೆ ಒದ್ದಾಡಿತ್ತು." ಎಡಕ್ಕ ನೋಡಿದ್ರ ಬನ್ನಿಗಿಡ ಇದ್ದೇ ಇತ್ತು. ಇವರಿಗಿ ಕಂಡಿರಾಕ ಸಾಧ್ಯನೇ ಇಲ್ಲ. ಮನ್ಯಾಗ ದಿನಕ್ಕ ನಾಕು ಮಾತಾಡೋ ಮನಿಷಾ ಇವರೇ ಏನು ಅಂತ ನನಗ ಆಶ್ಚರ್ಯ ಆತು.

ಎರಡು ಮೈಲು ಹೋಗಿರಲಿಲ್ಲ. ಹೊಲದಾಗಿಂದ ಒಬ್ಬಾಂವ ಎರಡೂ ಕೈ ಎತ್ತಿ ಓಡಿಬಂದ. "ಡಾಕ್ಟರ್ ಸಾಹೇಬ್ರ! ಎಲ್ಲಿಗಿ ಹೊಂಟೀರಿ? ಚರಗಾ ಚೆಲ್ಲೋ ದಿನ ನಮ್ಮ ಹೊಲ ದಾಟಿ ಹೋಗ್ತೀರೇನ್ರಿ?" ಅಂತ ಇವರ ಹ್ಯಾಂಡಲ್ ಹಿಡದೇಬಿಟ್ಟ.

ನಮ್ಮ ಕಡೆ ಎಳ್ಳ ಅಮಾಸಿಗಿ ಮನಿಗಿ ಬೀಗ ಹಾಕಿ ಎಲ್ಲಾರೂ ಹೊಲಕ್ಕ ಹೋಗ್ತಾರ. ಬೆಳಿ ನಡುವ ಪೂಜಿ ಮಾಡಿ, ಮಾಡಿದ ಅಡಗಿ ಹೊಲದ ತುಂಬ ಚೆಲ್ಲತಾರ. ಅದೇ ಚರಗಾ, ಬಸುರಿ ಭೂಮಿತಾಯಿಗಿ ಉಣಸೋದು. ಆಮ್ಯಾಲ ಕುಂತು ಉಣ್ಣೋದು. ಅವತ್ತು ಬದುವಿನ ಮ್ಯಾಲ ಹಾದು ಹೋಗೋರು ಯಾರೇ ಇರ್ಲಿ, ಕರೀಲೇಬೇಕು. ಕರದ ಮ್ಯಾಲ ಉಣಲೇಬೇಕು. ಒಲ್ಲೆ ಅಂದ್ರ ಮನಿಷಾಗ ಅಲ್ಲ, ಭೂಮಿಗೇ ಒಲ್ಲೆ ಅಂದಂಗ. ಇನ್ನ ಮೂವತ್ತು ವರ್ಷ ಇದೇ ಮಂದಿಯ ಎತ್ತು ಎಮ್ಮಿಗಿ ಔಷಧ ಕುಡಿಸಿದ ಮನಿಷಾ, ಇದೇ ದಿನ, ಇದೇ ದಾರಿ ಹಿಡದು ಹೊಂಟಾನ ಅಂದ್ರ ಬಿಡ್ತಾರೇನು? ನಾ ಇವರ ಮಾರಿ ನೋಡಿದ್ನಿ, ಇವರು ನನ್ನ ಕಡೆ ನೋಡಿದ್ರು. "ಕೆಟ್ಟಿವಲ್ಲೇ," ಅಂದ್ರು.

ಅಲ್ಲಿ ಇನ್ನೂ ಪೂಜಿ ಆಗಿದ್ದಿಲ್ಲ. ಪೂಜಿ ಆಗೋ ಮಟ ಕುಂತ್ವಿ. ಸಜ್ಜಿ ಕಡಬು, ಭಜ್ಜಿ, ಶೇಂಗಾ ಹೋಳಗಿ, ಅಂಬಲಿ. ಏಳೂದರೊಳಗ ಹನ್ನೊಂದೂವರಿ. ಅರ್ಧ ಮೈಲಿಗಿ ಇನ್ನೊಂದು ಹೊಲ, ಅಲ್ಲಿ ಅದೇ ಊಟ. "ಹೊಟ್ಟಿ ತುಂಬೇದ್ರಿ," ಅಂದ್ರ, "ಅವರ ಹೊಲದಾಗ ತುಂಬೇದ, ನಮ್ಮ ಹೊಲದಾಗ ಎಲ್ಲಿ ತುಂಬೇದ?" ಅಂತಾರ. ಮತ್ತ ಕುಂತು ಉಂಡ್ವಿ.

ಮೂರನೇದು ಒಬ್ಬ ಮುಸಲ್ಮಾನ ರೈತರ ಹೊಲ. ನಮ್ಮ ಕಡೆ ಹೊಲ ಇದ್ದವರೆಲ್ಲಾ ಈ ಹಬ್ಬ ಮಾಡ್ತಾರ, ಅವರೂ ಮಾಡ್ತಾರ. ಬಿಳಿ ಗಡ್ಡದ ಮುದುಕ, "ಆವೋ ಸಾಬ್, ಆವೋ!" ಅಂತ ಇವರನ್ನ ಅಪ್ಪಿಕೊಂಡು ಬಿಡಲೇ ಇಲ್ಲ. ಇವರು ಉಳಿಸಿದ ಒಂದು ಎತ್ತು ಅವರ ಮನ್ಯಾಗ ಆಮ್ಯಾಲ ಹತ್ತು ವರ್ಷ ದುಡೀತಂತ. ಆ ಎತ್ತಿನ ಕತಿ ಪೂರಾ ಕೇಳಿ, ಉಂಡು ಎದ್ದಾಗ ಎರಡು ಗಂಟೆ. ಇವರು ಆಕಾಶದ ಕಡೆ ಮಾರಿ ಎತ್ತಿ, ಬಿಸಿಲು ಯಾವ ಗಲ್ಲಕ್ಕ ಬಡೀತದ ಅಂತ ನೋಡಿ, "ಇನ್ನೂ ಟೈಮ್ ಅದ, ನಡಿ," ಅಂದ್ರು.

ಇಲ್ಲೇ ನಾ ಒಂದು ಪಾಪ ಮಾಡಿದ್ನಿ. ಇವರು ಸೋಲಬೇಕಲ್ಲ! ಮುದುಕನ ಸೊಸಿಗಿ, "ಯವ್ವಾ, ಒಂದು ಕಪ್ ಚಹಾ ಮಾಡ್ತಿಯೇನು?" ಅಂದ್ನಿ. "ಹಾಲಿಲ್ಲ ಭಾಭೀ," ಅಂದ್ಲು. "ಕರೀ ಚಹಾನೇ ಆಗ್ಲಿ," ಅಂದ್ನಿ. ಒಲಿ ಆರಿತ್ತು, ಮತ್ತ ಹೊತ್ತಿಸಬೇಕು. ನೀರು ಮುಗದಿತ್ತು, ತರಬೇಕು. ಪಾಪ, ಆಕಿ ಎಲ್ಲಾ ಮಾಡಿದ್ಲು. ಒಂದು ತಾಸು ಹೋತು. ಇವರು ಸೈಕಲ್ ಹಿಡಕೊಂಡು ನಿಂತೇ ಇದ್ರು, ಒಂದು ಮಾತು ಅನ್ನಲಿಲ್ಲ.

ಅಲ್ಲಿಂದ ಮುಂದ ದಾರಿ ಹೊಳಿ ಕಡೆ ಇಳೀತದ. ಉದ್ದಕ ಇಳಕಲು, ನೆಲ ಗಟ್ಟಿ, ಒಂದು ಹರಳಿಲ್ಲ. "ಇಳಕಲು ಬಂತೇನು?" ಅಂತ ಕೇಳಿದ್ರು. "ಹೌದ್ರಿ, ಬ್ರೇಕ್ ಹಿಡೀರಿ," ಅಂದ್ನಿ. ಬ್ರೇಕ್ ಹಿಡೀಲಿಲ್ಲ. ಬಾಜೂ ಒಂದು ಗಾಳಿ ಬಂದಂಗಾತು, ನೋಡಿದ್ರ ನನ್ನ ದಾಟಿ ಇವರು! ಪೆಡ್ಲ ಮ್ಯಾಲ ಎದ್ದು ನಿಂತಾರ, ಅಂಗಿ ಉಬ್ಬೇದ, ಬೆಲ್ಲು ಹೊಡೀಲಾಕತ್ತಾರ, ಅರವತ್ಮೂರು ವರ್ಷದ ಮನಿಷಾ! "ಹೇ ಮುದುಕಾ, ಸಾಯ್ತೀಯೇನು!" ಅಂತ ನನ್ನ ಬಾಯಿಂದ ಏಕವಚನನೇ ಬಂತು. ಕೆಳಗ ಮುಟ್ಟಿ, ತಾವೇ ನಿಲ್ಲಿಸಿ, ತಿರುಗಿ ನನಗ ಕಾಯಕೋತ ನಿಂತ್ರು. ನಾ ಇನ್ನೂ ದೂರ ಇದ್ನಿ. ಇವರು ನೋಡಾಕತ್ತಿದ್ದು ನಾ ಇಲ್ಲದ ಕಡೆ. ಆದ್ರ ನಗು ಇತ್ತಲ್ಲ, ಆ ನಗು ನಾ ನೋಡಿ ಎಷ್ಟು ವರ್ಷ ಆಗಿತ್ತೋ.

ಈ ಮನಿಷಾನ ಕೈಯಿಂದ ಇದನ್ನ ಕಸಗೋಬೇಕಂತ ಕರೀ ಚಹಾ ಕುಡದ್ನಲ್ಲಾ, ನನ್ನ ಬಾಯಾಗ ಮಣ್ಣು ಬೀಳಲಿ, ಅಂತ ನನಗ ನಾನೇ ಬೈಕೊಂಡ್ನಿ. ಇವರು ಗೆಲ್ಲಲಿ. ದಿನಾ ಇದೇ ದಾರಿಗಿ ಕರಕೊಂಡು ಬಂದ್ರೂ ಬರ್ತೇನಿ, ಗೆಲ್ಲಲಿ.

ಆಮ್ಯಾಲ ನನ್ನ ಅವತಾರ ನೋಡಬೇಕಿತ್ತು ನೀವು. ಯಾವ ಹೊಲದಾಗಿಂದ ಯಾರು ಕೈ ಎತ್ತಿದ್ರೂ ನಾ ದೂರದಿಂದನೇ, "ಬ್ಯಾಡ್ರೀ ಯಪ್ಪಾ, ಹೊತ್ತಾಗೇದ್ರೀ, ಸಿಟ್ಟಾಗಬ್ಯಾಡ್ರೀ!" ಅಂತ ಒದರಕೋತ ಹೊಂಟ್ನಿ. ಆದ್ರೂ ಎರಡು ಕಡೆ ಹಿಡದ್ರು. ಒಂದು ಕಡೆ ನಿಂತಲ್ಲೇ ಒಂದೊಂದು ತುತ್ತು ಬಾಯಾಗ ಇಟ್ಟರು. ಇನ್ನೊಂದು ಕಡೆ ಒಬ್ಬ ಅಜ್ಜಿ ಬುತ್ತಿ ಕಟ್ಟೋ ಮಟ ನಿಲ್ಲಿಸಿಕೊಂಡ್ಲು. ಹೊತ್ತು ಕೆಂಪಾಗಾಕ ಹತ್ತಿತು. ಇವರ ಸೈಕಲ್ ಒಮ್ಮೆ ಬದುವಿಗಿ ಹತ್ತಿತು, ಒಮ್ಮೆ ಜಾಲಿಕಂಟಿಗಿ ತಾಗಿ ಕೈ ಗೀರಿತು. "ಟಾವೆಲ್ ಕಾಣ್ತದೇನ್ರಿ?" ಅಂದ್ರ, "ಕಾಣ್ತದ, ನಡಿ," ಅನ್ನೋರು.

ಸಂಗಮ ಇನ್ನ ಎರಡು ಮೈಲು ಇರಬೇಕು, ಅಲ್ಲಿ ಬಂಡಿದಾರಿ ಮುಗದು ಟಾರು ರಸ್ತೆ ಕೂಡ್ತದ. ಅದರ ಹತ್ರ ಕೊನೀ ಹೊಲ. ಒಬ್ಬ ಹೆಣಮಗಳು ತಂಬಿಗಿ ಹಿಡಕೊಂಡು ದಾರಿ ನಡುವೇ ನಿಂತಿದ್ಲು. ಮೂವತ್ತೈದರ ಆಜೂಬಾಜೂ ಇರಬೇಕು. ಅಂಗನವಾಡಿ ಟೀಚರ್ ಅಂತ. ನಾ, "ಬ್ಯಾಡ ತಂಗೀ, ಕೈ ಮುಗೀತೇನಿ, ದಾರಿ ಬಿಡು," ಅಂದ್ನಿ. ಹಿಂದಿಂದ ಆಕಿ ಅತ್ತಿ, ಬೆನ್ನು ಬಾಗಿದ ಮುದುಕಿ, "ಮುಳುಗೋ ಹೊತ್ತಿನ್ಯಾಗ ಬಂದವರು ಬರಿಗೈಲೆ ಹೋದ್ರ ನಮ್ಮ ಹೊಲಕ್ಕ ಚಲೋ ಆಗಂಗಿಲ್ಲ ಯವ್ವಾ," ಅಂದ್ಲು. ಇವರು ಸೈಕಲ್ ಇಳದ್ರು. ಇಳಿಯೋರೇ. ಅಂಥಾ ಮನಿಷಾ ಅಂತ ಗೊತ್ತಿತ್ತು ನನಗ.

ಅಂಬಲಿ ಕೊಟ್ಟರು. ಇವರು ಕುಡಿಯೋ ಮುಂದ ಅಂಗನವಾಡಿ ಹೆಣಮಗಳು ಸೈಕಲ್ ಕಡೆನೇ ನೋಡಾಕತ್ತಿದ್ಲು. "ಸರ್, ಒಂದು ಸುತ್ತು ಹೊಡೀಲ್ರಿ?" ಅಂದ್ಲು. ಆಕಿ ಕಲಸೋ ಅಂಗನವಾಡಿ ಬಾಜೂ ತಾಂಡಾದಾಗ ಅದ, ಬಸ್ ಇಲ್ಲ, ದಿನಾ ಹೋಗಿ ಬರೋದು ಕಾಲ್ನಡಗಿ. "ದಂಡಿ ಸೈಕಲ್ ಅದವ್ವಾ, ಸೀರಿ ಸಿಗ್ತದ," ಅಂದ್ನಿ. "ಸಣ್ಣಾಕಿದ್ದಾಗ ಒಳಪೆಡ್ಲ ಹೊಡದಾಕಿ ನಾ," ಅಂತ ನಿರಿಗಿ ಎತ್ತಿ ಸಿಗಿಸಿ, ದಂಡಿ ಕೆಳಗಿಂದ ಕಾಲು ತೂರಿಸಿ, ವಾರಿ ಆಗಿ ಹೊಡೀತಾ ಹೊಂಟೇಬಿಟ್ಲು. ಹೊಲದ ಮಂದಿಯೆಲ್ಲಾ ಕೇಕಿ ಹಾಕಿದ್ರು. ಇವರು ತಂಬಿಗಿ ಕೆಳಗಿಟ್ಟು ಕಿವಿಗೊಟ್ಟು ಕೇಳಿದ್ರು, ಚೈನಿನ ಸಪ್ಪಳ ದೂರ ಹೋಗೋದು, ತಿರುಗಿ ಬರೋದು. "ಚಲೋ ಹೊಡೀತಾಳ," ಅಂದ್ರು.

ಆಮ್ಯಾಲ ಎದ್ದು ಒಂದು ಹೆಜ್ಜಿ ಇಟ್ಟರು. ಮುಂದಿದ್ದ ನೀರಿನ ಕಾಲುವಿ ಇವರಿಗಿ ಕಾಣಲಿಲ್ಲ, ಮೊಣಕಾಲ ಮಟ ಇಳದ್ರು. ನಾ ಓಡಿಹೋಗಿ ರಟ್ಟಿ ಹಿಡದ್ನಿ. ಹೊತ್ತು ಇನ್ನೂ ಪೂರಾ ಮುಳುಗಿದ್ದಿಲ್ಲ.

"ಇನ್ನೂ ಬೆಳಕದ ನೋಡ್ರಿ," ಅಂದ್ನಿ. "ಎರಡೇ ಮೈಲು. ಬರ್ರಿ, ನಾ ಹಾಡು ಹೇಳಕೋತ ಹೋಗ್ತೇನಿ, ದನಿ ಹಿಡದು ಬರ್ರಿ. ಮುಟ್ಟತೀರಿ. ನೀವು ಗೆದ್ದಂಗೇ."

ಇವರು ಧೋತರದ ನೀರು ಹಿಂಡಕೊಂಡ್ರು. ಅವಸರ ಇಲ್ಲ. ಆಮ್ಯಾಲ ಆ ಹೆಣಮಗಳ ದನಿ ಇದ್ದ ಕಡೆ ಮಾರಿ ಮಾಡಿ, "ತಂಗೀ, ಸೈಕಲ್ ನೀ ಇಟ್ಕೊ. ಹಿಂದಿನ ಗಾಲಿಗಿ ಎಂಟು ದಿನಕ್ಕೊಮ್ಮೆ ಎಣ್ಣಿ ಬಿಡು," ಅಂದ್ರು.

ಆಕಿಗಿ ತಿಳೀಲೇ ಇಲ್ಲ. ನನಗ ತಿಳೀತು. ನನಗ ಎಲ್ಲಿತ್ತೋ ಸಿಟ್ಟು, "ಯಾರನ್ನ ಕೇಳಿ ಕೊಟ್ಟಿರಿ?" ಅಂತ ಒದರಿದ್ನಿ. ಒಂದು ವರ್ಷ ಅದೇ ಸೈಕಲ್ ಮನಿ ಬಿಟ್ಟು ಹೋಗ್ಲಿ ಅಂತ ಬೊಬ್ಬಿ ಹೊಡದಾಕಿ ನಾ, ಈಗ ಅದರ ಹ್ಯಾಂಡಲ್ ಗಟ್ಟಿ ಹಿಡಕೊಂಡು ನಿಂತೇನಿ. "ನೀವು ಸೋತಿಲ್ರಿ. ನಾ ಸೋಲಿಸೇನಿ. ಚಹಾ ಬೇಕಿದ್ದಿಲ್ಲ ನನಗ, ನಿಮಗ ತಡಾ ಆಗ್ಲಿ ಅಂತ ಕೇಳಿದ್ನಿ."

"ಗೊತ್ತದ," ಅಂದ್ರು. "ನೀ ಹಾಲಿಲ್ಲದ ಚಹಾ ಯಾವಾಗ ಕುಡದೀ?"

"ಮತ್ಯಾಕ ಸುಮ್ಮನಿದ್ರಿ?"

"ಅಂಜಿಕೊಂಡು ಕುಡೀಲಾಕತ್ತಿದ್ದಿ. ನನ್ನ ಸಲುವಾಗಿ ಅಷ್ಟು ಅಂಜತಾಳಲ್ಲ ಅಂತ ಸುಮ್ಮನಾದ್ನಿ." ಹ್ಯಾಂಡಲ್ ಮ್ಯಾಲಿದ್ದ ನನ್ನ ಕೈ ಮುಟ್ಟಿ, "ಟಾವೆಲ್ ನನಗ ಇಳಕಲದಾಗಿಂದನೇ ಕಂಡಿಲ್ಲ. ಬಿಡು ಹ್ಯಾಂಡಲ್," ಅಂದ್ರು.

ಬಿಟ್ನಿ. ಅಳು ತಡೀಲಾಗಲಿಲ್ಲ, ಅಷ್ಟು ಮಂದಿ ಮುಂದ ಸೆರಗಿನ್ಯಾಗ ಮಾರಿ ಮುಚ್ಚಿಕೊಂಡು ಅತ್ನಿ. ಆ ಮುದುಕಿ ಬಂದು ನನ್ನ ಬೆನ್ನು ಸವರಿದ್ಲು. ಅಂಗನವಾಡಿ ಹೆಣಮಗಳು ಬ್ಯಾಡ ಬ್ಯಾಡ ಅಂತ ಇವರ ಕಾಲಿಗಿ ಬಿದ್ಲು. ಇವರು ಸೀಟಿನ ಮ್ಯಾಲ ಒಮ್ಮೆ ಕೈ ಆಡಿಸಿ, ಬೆಲ್ಲು ಒಂದ್ಸಲ ಹೊಡದು, ಸರದು ನಿಂತ್ರು.

"ಈಗ ಹೆಂಗ ಹೋಗೂದ್ರಿ?" ಅಂದ್ನಿ ಮೂಗು ಒರಸಿಕೊಂಡು. ಫೋನ್ ಮಾಡಿ ಆಟೋ ಕರೀಬೇಕಂತ ನಾ.

"ನಿನ್ನ ಸೈಕಲ್ ಅದಲ್ಲ. ನಾ ಹಿಂದ ಕುಂದರತೇನಿ. ಸಂಗಮದ ಮಟ ಹೋಗೂದಂತ ಮನಿ ಬಿಟ್ಟೇವಿ, ಹೋಗೂದೇ."

ನಮ್ಮ ಕಡೆ ಗಂಡಸು ಹೇಣ್ತಿ ಹಿಂದ ಸೈಕಲ್ ಮ್ಯಾಲ ಕುಂತದ್ದು ಯಾರೂ ನೋಡಿಲ್ಲ. ಇವರಂತೂ ನಾಚಿಕಿ ಮನಿಷಾ. ಮದಿವಿಯಾದ ಹೊಸದಾಗ ಬಜಾರಕ್ಕ ಹೋದ್ರ ನನಗಿಂತ ಹತ್ತು ಹೆಜ್ಜಿ ಮುಂದೇ ನಡಿಯೋರು, ಯಾರರ ಇಬ್ಬರನ್ನೂ ಕೂಡಿ ನೋಡಿಗೀಡ್ಯಾರು ಅಂತ. ಅಂಥವರು ಹಳದಿ ಟಾವೆಲ್ ಬಿಚ್ಚಿ ಮಡಚಿ ಕ್ಯಾರಿಯರ್ ಮ್ಯಾಲ ಹಾಕಿ, ಹತ್ತಿ ಕುಂತ್ರು. ಮೊದಲನೇ ಪೆಡ್ಲಿಗೇ ಸೈಕಲ್ ಹೊಯ್ದಾಡಿತು. "ನೀವು ತೂಕ ಅದೀರಿ," ಅಂದ್ನಿ. "ಆರು ಹೊಲದ ಊಟ ಅದ," ಅಂದ್ರು. ನನಗ ನಗು ಬಂತು, ಅಳುನೂ ನಿಂತಿದ್ದಿಲ್ಲ, ಎರಡೂ ಕೂಡಿ ಹೆಂಗೋ ಹೊಡೀಲಾಕತ್ನಿ.

ಟಾರು ರಸ್ತೆಗಿ ಬಂದ್ವಿ. ಇವರು ಕ್ಯಾರಿಯರ್ ಹಿಡಕೊಂಡು ಸೆಟದು ಕುಂತಿದ್ರು, ತಗ್ಗು ಬಂದ ಸಲಕ್ಕೊಮ್ಮೆ ಬೀಳೋ ಹಂಗ ಆಗೋದು. ಸ್ವಲ್ಪ ದೂರ ಹೋದ ಮ್ಯಾಲ ಮೆಲ್ಲಕ ಕೇಳಿದ್ರು: "ರಸ್ತೆದಾಗ ಯಾರರ ಅದಾರೇನು?"

ಅದಾರಂದ್ರ? ಹೊಲದಿಂದ ಊರಿಗಿ ತಿರುಗಿ ಹೊಂಟ ಬಂಡಿ ಸಾಲಾಗಿ ಬರಾಕತ್ತಿದ್ವು. ಬಂಡಿ ತುಂಬ ಹೆಣಮಕ್ಕಳು, ಮುದುಕರು, ಹುಡುಗರು. ಅಮಾಸಿಗಿ ಸಂಗಮದ ಸ್ನಾನ ಮುಗಿಸಿ ಬರೋ ಮಂದಿ ಬ್ಯಾರೆ. ಎಲ್ಲಾರೂ ಬಾಯಿ ತೆಗದು ನಮ್ಮನ್ನೇ ನೋಡಾಕತ್ತಾರ. ಒಬ್ಬಾಕಿ ಇನ್ನೊಬ್ಬಾಕಿಗಿ ಕೈ ಮಾಡಿ ತೋರಸಲಾಕತ್ಯಾಳ.

"ಯಾರೂ ಇಲ್ರಿ," ಅಂದ್ನಿ.

ಬಂಡಿಗಳು ನಮ್ಮ ಬಾಜೂನೇ ಹಾದು ಹೋದ್ವು. ಎತ್ತಿನ ಗೆಜ್ಜಿ ಸಪ್ಪಳ ಇವರಿಗಿ ಕೇಳಿರಲೇಬೇಕು, ಮೂವತ್ತು ವರ್ಷ ಎತ್ತಿನ ಜೋಡಿನೇ ದುಡದ ಮನಿಷಾ. "ಹೌದೇನು," ಅಂದ್ರು. ಅಂದು, ಕ್ಯಾರಿಯರ್ ಬಿಟ್ಟು, ಎರಡೂ ಕೈಲೆ ನನ್ನ ನಡಾ ಗಟ್ಟಿ ಹಿಡಕೊಂಡು, ನನ್ನ ಬೆನ್ನಿಗಿ ಮಾರಿ ಇಟ್ಟರು.